ಪಾಮರ್‌ಸ್ಟನ್ ಗಾಡಿ ಅಡ್ಡ ನಿಲ್ಲಿಸಿದ್ದು

ಬಿದಿರಿನ ಚಂದ್ರಿಕೆ ತಟ್ಟೆಯಿಂದ ರೇಷ್ಮೆಗೂಡು ಬಿಡಿಸುತ್ತಾ ಅಪ್ಪ, ಅವ್ವ, ಅತ್ತಿಗೆ, ನಾನು ತುಟಿ ಬಿಚ್ಚದೆ ಕೂತಿದ್ದೆವು. ಮಾತಾಡಿದರೆ ಅತ್ತಿಗೆ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗುತ್ತದೆಂದು ಅವ್ವನ ಅಪ್ಪಣೆ.

ಅತ್ತಿಗೆ ಭಾನುಪ್ರಿಯಳಿಗೆ ಬಿ.ಎ.ಯಲ್ಲಿ ಚರಿತ್ರೆಯೊಂದೇ ಉಳಿದಿತ್ತು. ಅವಳು ಪಾಸಾದರೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಎಸ್ಸೆಸ್ಸೆಲ್ಸಿ ಕಟ್ಟಿಸುತ್ತೇನೆಂದು ಅವ್ವ ಹೇಳಿದ್ದಳು. ಫೇಲಾದರೆ ಇಬ್ಬರ ಓದೂ ಅಲ್ಲಿಗೇ ಮುಗಿಯಿತು.

ಪಾಮರ್‌ಸ್ಟನ್ನನ ವಿದೇಶಾಂಗ ನೀತಿ ಮಾತ್ರ ಅವಳ ತಲೆಗೆ ಹತ್ತುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯಂತೆ ಅದು. ಕೊನೆಗೆ ಅಪ್ಪನೇ ತಡೆಯಲಾರದೆ ಅವನ್ಯಾರು ಎಂದು ಕೇಳಿದ. ನೂರೈವತ್ತು ವರ್ಷದ ಹಿಂದಿನ ಇಂಗ್ಲೆಂಡಿನ ಮಂತ್ರಿ ಎಂದಳು ಅತ್ತಿಗೆ. ಹಾಲೆಂಡಿನಿಂದ ಬೆಲ್ಜಿಯಂ ಬೇರೆಯಾಗುವುದಕ್ಕೆ ಒತ್ತಾಸೆಯಾಗಿ ನಿಂತನಂತೆ.

"ಪಾಲಿನ ಮಾತು ಈ ಮನೇಲಿ ಬ್ಯಾಡ ಕಣಮ್ಮ" ಎಂದಳು ಅವ್ವ, ಬಲು ಗಂಭೀರವಾಗಿ.

ಅತ್ತಿಗೆ ನಗು ನುಂಗಿ ಮುಂದುವರಿಸಿದಳು. ತನ್ನ ದೇಶದ ಪ್ರಜೆಯೊಬ್ಬನ ಮನೆಯನ್ನು ಅಥೆನ್ಸಿನ ಜನ ಲೂಟಿ ಮಾಡಿದರೆಂದು, ಪರಿಹಾರ ಕೊಡುವ ತನಕ ಗ್ರೀಸಿನ ಬಂದರಿಗೆ ಹಡಗು ಅಡ್ಡ ನಿಲ್ಲಿಸಿದನಂತೆ.

"ಒಬ್ಬನ ಮನೆಗಾ?" ಅಪ್ಪನ ಕಣ್ಣು ಅರಳಿತು.

ಅಷ್ಟರಲ್ಲಿ ಎದುರುಮನೆ ದೊಡ್ಡಲಕ್ಷ್ಮಮ್ಮನ ಮೇಕೆ ಒಳಗೆ ನುಗ್ಗಿ, ಹುಳಕ್ಕೆಂದು ಕುಯ್ದಿಟ್ಟಿದ್ದ ಹಿಪ್ಪುನೇರಳೆ ಸೊಪ್ಪು ಮೇಯುತ್ತಿತ್ತು. ಅಪ್ಪ ಎದ್ದವನೇ ಎತ್ತಿನಗಾಡಿ ಎಳೆದು ಅವಳ ಬಾಗಿಲಿಗೆ ಅಡ್ಡ ನಿಲ್ಲಿಸಿದ.

"ಸೊಪ್ಪು ಕೊಡೋಗಂಟ ನೊಣಾನೂ ಆಚೆ ಬಿಡಾಕಿಲ್ಲ ಕಣಕ್ಕ."

"ಏನ್ಲಾ ಪುಟ್ಟಸ್ವಾಮಿ, ಗಾಳಿಗೀಳಿ ಮೆಟ್ಕಂಡೈತಾ?"

ಸೊಸೆಯ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೇವೆ ಎಂದು ಅವ್ವ ಕೂಗಿ ಹೇಳಿದಳು. ಅದೇ ಹೊತ್ತಿಗೆ ಬಿಡದಿ ಫ್ಯಾಕ್ಟರಿಯ ಬಸ್ಸು ಅಣ್ಣನನ್ನು ಇಳಿಸಲು ಬಂತು. ಬೀದಿಗೆ ಅಡ್ಡ ಗಾಡಿ. ಡ್ರೈವರು ಹಾರನ್ ಒತ್ತಿದ್ದೇ ಒತ್ತಿದ್ದು. ಕಿಟಕಿ ಕಿಟಕಿಯಲ್ಲೂ ತಲೆಗಳು. ಜಗುಲಿ ಹತ್ತಿದ ಅತ್ತಿಗೆ ಬಸ್ಸಿಗೆಲ್ಲ ಕೇಳುವಂತೆ ಟರ್ಕಿಯ ಕಡೆ ಬಾರದಂತೆ ರಷ್ಯಾವನ್ನು ತಡೆದದ್ದು, ಚೀನಾದ ಮೇಲೆ ಯುದ್ಧ ಹೂಡಿದ್ದು ಎಂದು ಒಂದೂ ತಪ್ಪದೆ ಒಪ್ಪಿಸತೊಡಗಿದಳು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಯೂನಿಫಾರಂ ಹಾಕಿದ್ದ ಅಣ್ಣ ಕೆಳಗಿಳಿದು, ತಾನು ಯಾವ ದೇಶ ಎಂದು ಕೇಳಿದ. ನೀನು ರಷ್ಯಾ, ಅಲ್ಲೇ ನಿಂತಿರು ಎಂದಳು ಅತ್ತಿಗೆ. ನಿಂತ. ದೊಡ್ಡಲಕ್ಷ್ಮಮ್ಮ ಒಂದು ಹೊರೆ ಸೊಪ್ಪನ್ನು ಗಾಡಿ ಮೇಲಿಂದ ಅಪ್ಪನ ತಲೆಗೇ ಎಸೆದ ಮೇಲೆ ಬಸ್ಸಿಗೆ ದಾರಿ ಸಿಕ್ಕಿತು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಬಂದರಿಗೆ ಹಡಗು ಎಂದು ಬರೆದೆನೋ ಗಾಡಿ ಎಂದು ಬರೆದೆನೋ ನೆನಪಿಲ್ಲ ಎಂದು ಅತ್ತಿಗೆ ಫಲಿತಾಂಶದವರೆಗೂ ನಮ್ಮೆಲ್ಲರ ಜೀವ ತಿಂದಳು.

ಪಾಸು ಎಂದು ಅಣ್ಣ ಫೋನು ಮಾಡಿದ ದಿನ ಅಪ್ಪ ನಡುಮನೆಯಲ್ಲೇ ಕುಣಿದ. ದೊಡ್ಡಲಕ್ಷ್ಮಮ್ಮ ಬಂದು, ಅರ್ಧ ಡಿಗ್ರಿ ತನ್ನ ಮೇಕೆಗೆ ಸೇರಬೇಕು ಎಂದು ಜಗಳ ತೆಗೆದಳು. ಅವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತಾ ನನ್ನ ಬಾಯಿಗೂ ಹಾಕಿ ಮುಂದೆ ಹೋದಳು. ನಾನು ಹಿಂದೆಯೇ ಹೋಗಿ ಕೇಳಿದೆ. ನಗುವಿನಲ್ಲಿ ಕೇಳಿಸಲಿಲ್ಲವೇನೋ ಎಂದು ಸೆರಗು ಹಿಡಿದು, ಎಲ್ಲರೂ ಸುಮ್ಮನಾಗುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಕೇಳಿದೆ.

"ಅವ್ವ, ನಂಗೂ ಎಸ್ಸೆಸ್ಸೆಲ್ಸಿ ಕಟ್ಸು."