ಕೊಳೆಯಾಗದ ನಾಲ್ಕು ಜೆರ್ಸಿ

ಥೂ, ಮತ್ತೆ ಸೆಂಟಿನ ವಾಸನೆ, ಮಣ್ಣಿನದಲ್ಲ, ಬೆವರಿನದೂ ಅಲ್ಲ — ಎರಡನೇ ನಂಬರಿನ ಜೆರ್ಸಿಯನ್ನು ಅವಳು ಮೂಗಿನಿಂದ ದೂರ ಹಿಡಿದಳು, ಮೂರು, ನಾಲ್ಕು, ಐದು, ಡಿಫೆನ್ಸಿನ ನಾಲ್ವರದೂ ಅಷ್ಟೇ, ಕೆಸರಲ್ಲಿ ತೊಂಬತ್ತು ನಿಮಿಷ ಆಡಿದ ಬಟ್ಟೆಗಳಂತೆ ಇವು, ನೋಡಿದರೆ ಮದುವೆ ಊಟಕ್ಕೆ ಹೋಗಿ ಬಂದಂತಿವೆ, ಹನ್ನೊಂದು ವರ್ಷ ಈ ತಂಡದ ಬಟ್ಟೆ ಒಗೆದವಳಿಗೆ ಯಾರು ಓಡಿದರು ಯಾರು ನಿಂತರು ಎಂಬುದು ಆಟ ನೋಡಿಯೇ ತಿಳಿಯಬೇಕೆ, ಎಂಟು ಪಂದ್ಯ, ಒಂದೂ ಗೋಲು ಬಿಟ್ಟಿಲ್ಲ, ಏನು ಡಿಫೆನ್ಸು ಅಂತೀರಿ, ಕಲ್ಲಿನ ಗೋಡೆ — ಮೇಲಿನ ಕೋಣೆಯಿಂದ ಕೋಚನ ಗಂಟಲು ಮೆಟ್ಟಿಲಿಳಿದು ಬರುತ್ತಿದೆ — ಇಂಥ ಗೋಡೆ ಇರುವಾಗ ಹಿಂದೆ ಯಾರು ನಿಂತರೇನು, ಹಳೇ ಗೋಲ್‌ಕೀಪರನ್ನು ಬಿಟ್ಟುಬಿಡೋಣ, ಹಳೇ ಅಂತೆ, ಅವಳ ತಮ್ಮ, ಇನ್ನೂ ಮೂವತ್ತೊಂದು. ಇರಲಿ, ಅನ್ಯಾಯದ ಮಾತಾಡಬಾರದು, ನಿಲ್ಲುವ ಜಾಗ ಬಲ್ಲವನು ಬೀಳಬೇಕಾಗಿಲ್ಲ, ಹಿಂದೊಮ್ಮೆ ಡಿಫೆನ್ಸಿನಲ್ಲೇ ಒಬ್ಬ ನಾಯಕನಿದ್ದ, ಚಡ್ಡಿಗೆ ಹುಲ್ಲಿನ ಕಲೆ ಹತ್ತಿದ್ದೇ ಅಪರೂಪ, ಆದರೆ ಆಗ ಗೋಲ್‌ಕೀಪರನ ಬಟ್ಟೆಯೂ ಇಸ್ತ್ರಿ ಮುರಿಯದೆ ಬರುತ್ತಿತ್ತು, ಅದು ಗೋಡೆ, ಇದು ನೋಡು, ತಮ್ಮನದು, ಎದೆಗೆ ಕೆಸರು, ಬೆನ್ನಿಗೆ ಕೆಸರು, ಮೊಣಕೈ ಹರಿದು ನೂಲು ಜೋತಿದೆ, ಮೂರು ಸಲ ನೆನೆಸಿದರೂ ಬಕೆಟ್ಟಿನ ನೀರು ಕೆಂಪು, ಮುಂದಿನ ನಾಲ್ವರು ಒಣಗಿದ್ದು ಹಿಂದಿನವನೊಬ್ಬ ತೊಯ್ದರೆ ಅದೆಂಥ ಗೋಡೆ, ಥೂ, ಬುಟ್ಟಿಯನ್ನೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು, ಕೋಚನ ಸುತ್ತ ಆ ನಾಲ್ವರು, ಬಾಗಿಲ ಪಕ್ಕ ತಮ್ಮ, ಸಾರ್, ಇವನ್ನೊಂದ್ಸಲ ನೋಡಿ, ಏನಮ್ಮಾ, ಸೋಪು ಖಾಲಿಯಾಯ್ತಾ, ನಾಲ್ವರೂ ಕಿಸಕ್ಕೆಂದರು, ಸೋಪಲ್ಲ ಸಾರ್, ಇವರ್ಯಾರೂ ಕೊಳೇನೇ ಮಾಡ್ಕೊಂಡಿಲ್ಲ, ಎಲ್ಲಾ ಇವನೊಬ್ಬನ ಮೈಮೇಲೆ — ಹಾಗಾದ್ರೆ ಅವನನ್ನೇ ಕೇಳೋಣ, ಏನಪ್ಪಾ, ಹಿಂದೆ ನಿಂತು ನೋಡಿದವನು ನೀನು, ನಮ್ಮ ಡಿಫೆನ್ಸ್ ಹೇಗಿದೆ, ಹೇಳೋ, ಅವಳು ಒಳಗೊಳಗೇ ಬೇಡಿದಳು, ಒಂದೇ ಒಂದು ಸಲ ಬಾಯಿಬಿಡೋ ನನ್ನಪ್ಪಾ, ತಮ್ಮ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ, ಚೆನ್ನಾಗಿದೆ ಸಾರ್, ಗೋಡೆ ಇದ್ದಂಗಿದೆ, ನಕ್ಕ ಕೂಡ, ನಾಲ್ಕನೇ ನಂಬರಿನವನು ಅವನ ಭುಜ ತಟ್ಟಿದ, ಅವಳು ಬುಟ್ಟಿಯನ್ನು ದೊಪ್ಪನೆ ಕೆಳಗಿಟ್ಟಳು, ಥೂ, ಈ ಸಲ ಸೆಂಟಿಗಲ್ಲ, ಈ ಒಳ್ಳೆಯತನಕ್ಕೆ, ಚಿಕ್ಕಂದಿನಿಂದ ಇದೇ ಹಾಳು ಒಳ್ಳೆಯತನ, ಯಾರಿಂದಲೋ ಹೊಡೆಸಿಕೊಂಡು ಬಂದರೂ, ಬಿದ್ದೆ ಅಕ್ಕಾ, ಅನ್ನುತ್ತಿದ್ದವನು, ಆಯ್ತಲ್ಲಮ್ಮಾ, ಅವನೇ ಹೇಳಿದ್ನಲ್ಲ, ಇನ್ನೇನು, ಕೋಚ್ ಪೆನ್ನು ತೆಗೆದ, ಅವಳು ನಿಂತ ಕಡೆಯಿಂದ ಮಾತ್ರ ಕಾಣುತ್ತಿದೆ, ತಮ್ಮನ ಬೆನ್ನ ಹಿಂದೆ, ಬಲಗೈಯ ಕಿರುಬೆರಳು, ಊದಿ ನೇರಳೆ ತಿರುಗಿದೆ, ಉಳಿದವೆಲ್ಲ ಮುಷ್ಟಿಯೊಳಗೆ, ಅದೊಂದು ಮಡಿಸಲಾರದೆ ಹೊರಗೆ, ಕೋಚ್ ತಂಡದ ಪಟ್ಟಿಯಿಂದ ತಮ್ಮನ ಹೆಸರು ಹೊಡೆದುಹಾಕುತ್ತಿದ್ದಾನೆ, ಆ ಬೆರಳು, ಯಾರೋ ನಗುತ್ತಿದ್ದಾರೆ, ಆ ಬೆರಳು, ತಮ್ಮನೂ ನಗುತ್ತಿದ್ದಾನೆ, ಮಡಿಸಲಾರದೆ, ನೆಟ್ಟಗೆ, ಆ ಬೆರಳು —