ಬೋರಲು ಹಾಕಿದ ಕೊಳಗ

ಗಂಗಾವತಿಯಲ್ಲಿ ಸಿನಿಮಾ ಬಗ್ಗೆ ಯಾರಾದರೂ ಬಾಯಿ ಬಿಡುವ ಮೊದಲು ಪ್ರಭುರಾಜನ ಮುಖ ನೋಡುತ್ತಿದ್ದರು. ಮುನಿರಾಬಾದಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮನುಷ್ಯ, ಹನ್ನೆರಡು ವರ್ಷಗಳಿಂದ ಊರಿನ ವಾರಪತ್ರಿಕೆಗೆ ಸಿನಿಮಾ ಅಂಕಣ ಬರೆಯುತ್ತಿದ್ದ. ಬರವಣಿಗೆ ರುಚಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಹಳೆಯ ಪೌರಾಣಿಕ ಚಿತ್ರಗಳಲ್ಲಿ ದೇವರು ಆಶೀರ್ವಾದಕ್ಕೆ ಎತ್ತಿದ ಕೈ ಇಳಿಸುವುದೇ ಇಲ್ಲ, ನೋಡುವವರ ಭುಜ ನೋಯುತ್ತದೆ ಎಂದು ಬರೆದವನು ಅವನೇ. ದೆವ್ವದ ಸಿನಿಮಾದಲ್ಲಿ ದೆವ್ವಕ್ಕಿಂತ ಬಾಗಿಲ ಚಿಲಕಕ್ಕೇ ಹೆಚ್ಚು ಹೆದರಬೇಕು ಎಂದವನೂ ಅವನೇ. ಈಗಿನ ಹೀರೋಗಳನ್ನಂತೂ ಬಿಡುತ್ತಿರಲಿಲ್ಲ. ಹೀರೋ ಹೊಗೆಯೊಳಗಿಂದ ನಡೆದು ಬಾಗಿಲಿಗೆ ಬರುವಷ್ಟರಲ್ಲಿ ನಮ್ಮ ಕೈಯಲ್ಲಿನ ಶೇಂಗಾ ಮುಗಿದಿರುತ್ತದೆ ಎನ್ನುತ್ತಿದ್ದ.

ಆದರೆ ಅವನಿಗೆ ಹೆಸರು ತಂದದ್ದು ಇವು ಯಾವೂ ಅಲ್ಲ, ಒಂದು ಕಪ್ಪು ಬಿಳುಪು ಚಿತ್ರದ ಮೇಲಿನ ಬರಹ. ಊರೂರು ಕೂಲಿ ಮಾಡಿ ಮಗನನ್ನು ಓದಿಸಿದ ತಾಯಿ, ದೊಡ್ಡ ಮನೆಯ ಮದುವೆಯಲ್ಲಿ ಪಾತ್ರೆ ತಿಕ್ಕಲು ಬರುತ್ತಾಳೆ. ಬಂದರೆ ಮದುಮಗ ಅವಳ ಮಗನೇ. ಮಗ ಅವಳನ್ನು ಕಂಡೂ ಕಾಣದವನಂತೆ ಮುಖ ತಿರುಗಿಸುತ್ತಾನೆ. ತಾಯಿ ಕೊನೆಯ ಕೊಳಗ ತೊಳೆದು, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಹೊರಟುಹೋಗುತ್ತಾಳೆ. ‘ಏಳು ವರ್ಷದವನಿದ್ದಾಗ ಟಾಕೀಸಿನ ನೆಲದ ಮೇಲೆ ಒಬ್ಬನೇ ಕೂತು ಇದನ್ನು ನೋಡಿದೆ, ಆ ಕತ್ತಲಲ್ಲೇ ನಾನು ದೊಡ್ಡವನಾದೆ’ ಎಂದು ಪ್ರಭುರಾಜ ಬರೆದಿದ್ದ. ಅದನ್ನು ಓದಿ ಕುಷ್ಟಗಿ, ಯಲಬುರ್ಗಾದಿಂದಲೂ ಜನ ಫೋನು ಮಾಡಿ ಅತ್ತಿದ್ದರು.

ಅವನು ಆ ಸಿನಿಮಾ ನೋಡಿರಲೇ ಇಲ್ಲ.

ಅವನು ಅದನ್ನು ಕೇಳಿದ್ದು ಚಿಕ್ಕಂದಿನಲ್ಲಿ, ತನ್ನೂರು ಮರಳಿಯ ಗದ್ದೆಯ ಬದುವಿನ ಮೇಲೆ ಕೂತು. ಭತ್ತದ ನಾಟಿಗೆ ಮೂವತ್ತು ಹೆಂಗಸರು ಸಾಲಾಗಿ ಬಗ್ಗಿರುತ್ತಿದ್ದರು. ಅವರ ಪೈಕಿ ಜೈನಾಬೀಗೆ ಸಿನಿಮಾ ಹುಚ್ಚು. ಕೆಲಸವಿಲ್ಲದ ದಿನ ಗಂಗಾವತಿಗೆ ಹೋಗಿ ಮ್ಯಾಟಿನಿ ನೋಡಿ ಬಂದು, ಮರುದಿನ ಕೆಸರಲ್ಲಿ ಬಗ್ಗಿದ್ದಂತೆಯೇ ಇಡೀ ಕಥೆ ಹೇಳುತ್ತಿದ್ದಳು. ಕಥೆ ಬಿರುಸಾದರೆ ನಾಟಿಯೂ ಬಿರುಸು. ತಾಯಿ ಕೊಳಗ ಬೋರಲು ಹಾಕಿದ ದಿನ ಮಾತ್ರ ಸಾಲು ನಿಂತೇಬಿಟ್ಟಿತ್ತು. ಪ್ರಭುರಾಜನ ಅಜ್ಜಿ ಮಾಳವ್ವ ಸಸಿಯ ಕಟ್ಟು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತದ್ದು ಅವನಿಗೆ ಇಂದಿಗೂ ಕಣ್ಣಿಗೆ ಕಟ್ಟಿತ್ತು.

ಬರೆಯುವಾಗ ಜೈನಾಬೀಯ ಹೆಸರು ನೆನಪಿಗೆ ಬರಲಿಲ್ಲವೇ? ಬಂತು. ನಾಟಿ ಸಾಲಿನಲ್ಲಿ ಕೇಳಿದೆ ಎಂದರೆ ವಿಮರ್ಶಕ ಎಂದು ಯಾರು ಕರೆಯುತ್ತಾರೆ ಎನಿಸಿತು. ಅವಳ ಹೆಸರು ಬರೆದ ಒಂದು ಸಾಲನ್ನು ಹೊಡೆದುಹಾಕಿದ. ಅಷ್ಟೇ.

ಈ ವರ್ಷ ಕಾಲೇಜಿನಲ್ಲಿ ಪಾಠ ಹೇಳುವ ಮೆಹಜಬೀನ ಎಲ್ಲಿಂದಲೋ ಆ ಹಳೆಯ ಚಿತ್ರವನ್ನು ಹುಡುಕಿ ತಂದಳು. ಭಾನುವಾರ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ, ಮೊದಲು ಪ್ರಭುರಾಜನ ಮಾತು. ಅವನಿಗೆ ಹೆದರಿಕೆಯೇನೂ ಆಗಲಿಲ್ಲ. ಕೊನೆಗೂ ಕಣ್ಣಾರೆ ನೋಡುವ ಯೋಗ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದ.

ಇನ್ನೂರು ಜನ ಸೇರಿದ್ದರು. ವೇದಿಕೆ ಹತ್ತಿ ನೋಡಿದರೆ ಮುಂದಿನ ಸಾಲಿನಲ್ಲಿ ಜೈನಾಬೀ! ಎಂಬತ್ತರ ಹತ್ತಿರದ ಮುದುಕಿ, ಬಿಳಿ ದುಪ್ಪಟ್ಟಿ ಹೊದ್ದು ಕೂತಿದ್ದಳು. ಮೆಹಜಬೀನ ಅವಳ ಮಗಳ ಮಗಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಮುದುಕಿ ಅವನನ್ನು ನೋಡಿ ಮಗುವಿನಂತೆ ನಕ್ಕಳು. ಈಗಲಾದರೂ ಹೇಳಬಹುದಿತ್ತು. ಪ್ರಭುರಾಜ ಗಂಟಲು ಸರಿಮಾಡಿಕೊಂಡು, “ಏಳು ವರ್ಷದವನಿದ್ದಾಗ, ಟಾಕೀಸಿನ ನೆಲದ ಮೇಲೆ ಒಬ್ಬನೇ ಕೂತು…” ಎಂದು ಶುರುಮಾಡಿದ. ಅವಳ ಕಡೆ ಮಾತ್ರ ನೋಡಲಿಲ್ಲ.

ಸಿನಿಮಾ ಓಡಿತು. ಕೂಲಿ ಬಂತು, ಮದುವೆ ಬಂತು, ಕೊಳಗಗಳ ರಾಶಿ ಬಂತು. ಜನ ಉಸಿರು ಬಿಗಿಹಿಡಿದರು. ತೆರೆಯ ಮೇಲಿನ ತಾಯಿ ಓಡಿಹೋಗಿ ಮಗನ ಕಾಲಿಗೆ ಬಿದ್ದು, ಬಂದದ್ದು ತಪ್ಪಾಯಿತೆಂದು ಗೋಳಾಡಿ, ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಗೋಡೆಯ ಮೇಲಿನ ಪಟಕ್ಕೆ ಮಾಲೆ ಬಿತ್ತು. ಶುಭಂ.

ದೀಪ ಹತ್ತಿದಾಗ ಇನ್ನೂರು ತಲೆ ಒಟ್ಟಿಗೆ ಅವನ ಕಡೆ ಹೊರಳಿದವು. ಆಸೀಫ ಎಂಬ ವಿದ್ಯಾರ್ಥಿ ಎದ್ದು ನಿಂತ. “ಸರ, ನೀವು ಪೇಪರಿನ್ಯಾಗ ಬರದಿದ್ದ ಕೊಳಗ ಎಲ್ಲೈತ್ರಿ?”

ಪ್ರಭುರಾಜನ ಕಿವಿ ಕಾದವು. ನಾಲಿಗೆ ಮಾತ್ರ ಸೋಲಲಿಲ್ಲ, ಹಾಳು ನಾಲಿಗೆ. “ಇದು ಕತ್ತರಿಸಿದ ಪ್ರತಿ ಐತಪಾ. ನಾ ನೋಡಿದ್ದ ಪ್ರತಿಯೊಳಗ ಕೊನಿ ಬ್ಯಾರೆ ಇತ್ತು” ಎಂದ.

ಯಾರೋ ಹಿಂದೆ ನಕ್ಕರು. ಆಗ ಜೈನಾಬೀ ಕುರ್ಚಿಯ ಕೈ ಹಿಡಿದು ಎದ್ದಳು. “ಅಂವ ಹೇಳೂದು ಖರೆ ಐತಿ. ನಾನೂ ನೋಡೀನಿ. ನನ್ನ ಮಗ್ಗಲಾಗ ಒಬ್ಬನ ಬಂದು ಕುಂತಿದ್ದ ಹುಡುಗ.”

ಜನ ಚಪ್ಪಾಳೆ ತಟ್ಟಿದರು. ಒಂದೊಂದು ಚಪ್ಪಾಳೆಯೂ ಪ್ರಭುರಾಜನ ಕೆನ್ನೆಗೆ ಬಿದ್ದಂತಾಯಿತು. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಮುದುಕಿ ಬಸ್ಸಿಗೆಂದು ಹೊರಗೆ ಹೋಗಿದ್ದಳು. ಅವನು ಓಡಿಹೋಗಿ ರಸ್ತೆಬದಿಯ ಬೇವಿನ ಮರದ ಕೆಳಗೆ ಅವಳನ್ನು ಹಿಡಿದ.

“ಚಿಗವ್ವ, ಹಂಗ್ಯಾಕ ಅಂದಿ?”

“ಇನ್ನೇನನ್ಲಿ? ಮಾಳವ್ವನ ಮೊಮ್ಮಗನ ಮರ್ಯಾದಿ ಮಂದಿ ಮುಂದ ತಗೀಲೇನು?”

“ಮತ್ತ ಆ ಕೊನಿ?”

ಅವಳು ನಕ್ಕಳು. “ಕೊನಿ ನಾನೂ ಇವತ್ತ ನೋಡಿದ್ದು, ತಮ್ಮಾ. ಆಗ ನಮ್ಮೂರ ಬಸ್ಸು ಐದೂವರಿಗೆ. ಅದು ತಪ್ಪಿದರ ನಡಕೊಂತ ಹೋಗಬೇಕು. ಯಾವ ಸಿನಿಮಾದ್ದೂ ಕೊನಿ ಕಂಡಾಕಿ ಅಲ್ಲ ನಾನು. ಮರುದಿನ ಸಾಲಿನ್ಯಾಗ ಮುಂದೇನಾತು, ಮುಂದೇನಾತು ಅಂತ ಜೀವ ತಿಂತಿದ್ರು. ನಾನ ಒಂದು ಹಚ್ಚಿ ಹೇಳ್ತಿದ್ದೆ.”

“ಕೊಳಗನೂ?”

“ನಿಮ್ಮಾಯಿ ಮಾಳವ್ವ ಸಾಲಿನ್ಯಾಗ ನನ್ನ ಮಗ್ಗಲಕ್ಕ ಇದ್ಲು. ನಿಮ್ಮಪ್ಪ ಹಡದ ತಾಯಿನ್ನ ದನದ ಕೊಟ್ಟಿಗ್ಯಾಗ ಇಟ್ಟಿದ್ದ. ಅಂಥಾಕಿ ಮುಂದ ತಾಯಿ ಅತ್ತು ಸತ್ಲು ಅನ್ನಾಕ ನಾಲಿಗಿ ಏಳಲಿಲ್ಲ. ಎದ್ದು ಹೋದ್ಲು ಅಂದೆ.”

ಪ್ರಭುರಾಜನಿಗೆ ನೆನಪಾಯಿತು. ಆ ಕಥೆ ಕೇಳಿದ ವಾರವೇ ಆಯಿ ಗಂಟು ಕಟ್ಟಿಕೊಂಡು ಅಳವಂಡಿಗೆ, ತನ್ನ ತಮ್ಮನ ಮನೆಗೆ ಹೋಗಿದ್ದಳು. ಅವನು ಬದುವಿನ ತುಂಬ ಕೂಗಿಕೊಂಡು ಹಿಂದೆ ಓಡಿದರೂ ತಿರುಗಿ ನೋಡಿರಲಿಲ್ಲ. ಯಾಕೆಂದು ಈ ಐವತ್ತೈದು ವರ್ಷ ಅವನಿಗೆ ತಿಳಿದಿರಲಿಲ್ಲ. ಅವಳಿಗೆ ದಾರಿ ತೋರಿಸಿದ ಮಾತನ್ನೇ ಅವನು ತನ್ನದೆಂದು ಅಚ್ಚು ಹಾಕಿಸಿದ್ದ.

“ಚಿಗವ್ವ, ನಾ ಬರದದ್ದು…”

“ಗೊತ್ತೈತಿ. ಮೆಹಜಬೀನ ಓದಿ ಹೇಳ್ಯಾಳ. ನನ್ನ ಹೆಸರು ಬರಲಿಲ್ಲ. ಹೋಗ್ಲಿ, ಸಣ್ಣ ಹುಡುಗ ಇದ್ದ, ಮರತಾನ ಅಂದ್ಕೊಂಡಿದ್ದೆ.” ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನ ಮುಖ ನೋಡಿದಳು. “ಇವತ್ತ ನೀ ಭಾಷಣ ಮಾಡೂದು ಕೇಳಿದೆ. ನಾ ಹೇಳಿದ್ದ ಒಂದು ಮಾತೂ ನೀ ಮರತಿಲ್ಲ.”

ಬಸ್ಸು ಹೊರಟಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅವನು ಸಭಾಂಗಣಕ್ಕೆ ತಿರುಗಿ ಬಂದಾಗ ಜನ ಚದುರಿದ್ದರು. ಆಸೀಫ ಮತ್ತು ನಾಲ್ಕು ಹುಡುಗರು ಕುರ್ಚಿ ಎತ್ತುತ್ತಿದ್ದರು, ಮೆಹಜಬೀನ ಮೈಕಿನ ವಯರು ಸುತ್ತುತ್ತಿದ್ದಳು. ಮೈಕಿಲ್ಲದ ವೇದಿಕೆಯ ಮೇಲೆ ಪ್ರಭುರಾಜ ಹೋಗಿ ನಿಂತ.

“ನಾನು ಈ ಸಿನಿಮಾ ನೋಡಿರಲಿಲ್ರಿ. ಇವತ್ತ ಮೊದಲ ಸಲ ನೋಡಿದ್ದು. ಕೊಳಗ ಜೈನಾಬೀ ಚಿಗವ್ವಂದು.”

ಹುಡುಗರು ಕುರ್ಚಿ ಹಿಡಿದೇ ನಿಂತರು. ಮೆಹಜಬೀನ ವಯರು ಕೆಳಗಿಟ್ಟಳು. “ನನಗ ಗೊತ್ತಿತ್ರಿ, ಸರ. ನಾನಿ ಅದನ್ನ ಹೇಳೇ ನಮ್ಮನ್ನ ಬೆಳಸ್ಯಾಳ. ನಿಮ್ಮ ಬಾಯಾಗ ತನ್ನ ಹೆಸರು ಕೇಳಲಿ ಅಂತ ಮುಂದಿನ ಸಾಲಿಗೆ ಕೂಡ್ಸಿದ್ದೆ.” ಬಾಗಿಲ ಕಡೆ ನೋಡಿ ಕೇಳಿದಳು: “ಬಸ್ಸು ಹೋತ್ರೇನು?”

“ಹೋತವ್ವಾ” ಎಂದ ಪ್ರಭುರಾಜ.