ಹೆರಿಗೆಮನೆಯ ಮರಿಯಂ

ಸುಸನ್ನಾ ತರೀಕೆರೆಯ ಪ್ರಾರ್ಥನಾಮಂದಿರದ ನೆಲದ ಮೇಲಿದ್ದ ಬಾವಲಿ ಹಿಕ್ಕೆಯನ್ನು ಗುಡಿಸುತ್ತಿದ್ದಳು. ಅಕ್ಕ ಲೇಯಮ್ಮ ಕೂಸನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದ್ದಳು. ಕೂಸಿಗೆ ಇಂದು ದೀಕ್ಷಾಸ್ನಾನ ಆಗುತ್ತದೋ ಇಲ್ಲವೋ ಎಂಬುದೊಂದೇ ಇಬ್ಬರ ತಲೆಯಲ್ಲೂ ಇತ್ತು.

ಆದದ್ದಿಷ್ಟು. ಅದು ಪ್ಲೇಗಿನ ವರ್ಷ. ಮಿಷನ್ನಿನ ದಾದಿ ಕಡೂರಿಗೆ ಹೋಗಿದ್ದಳು. ಲೇಯಮ್ಮನ ಹೆರಿಗೆ ತೊಡಕಾದಾಗ ಓಡಿ ಬಂದವಳು ಸಾಬರ ಬೀದಿಯ ಸೂಲಗಿತ್ತಿ ಬೂಬಮ್ಮ. ಅವಳು ಲೇಯಮ್ಮನ ಬಾಯಿಗೆ ಖರ್ಜೂರ ಇಟ್ಟು, ಅರಬಿಯಲ್ಲಿ ಏನೋ ಓದಿ, ನೀರಿಗೆ ಊದಿ ಕುಡಿಸಿದ್ದಳು. ಸುದ್ದಿ ಸಭೆಯ ಉಪದೇಶಿ ಸ್ವಾಮಿದಾಸಯ್ಯನ ಕಿವಿಗೆ ಬಿತ್ತು. ಸಾಬರು ಮಹಮ್ಮದರನ್ನೇ ದೇವರೆಂದು ಪೂಜಿಸುವವರು, ಯೇಸುಸ್ವಾಮಿಯ ಹೆಸರೆತ್ತಿದರೆ ಉಗುಳುವವರು, ಕೂಸನ್ನು ಹೊಟ್ಟೆಯಲ್ಲಿದ್ದಾಗಲೇ ತಮ್ಮ ಮತಕ್ಕೆ ಸೇರಿಸಿಕೊಂಡಿದ್ದಾರೆ ಎಂದು ಆತ ತೀರ್ಮಾನಿಸಿಬಿಟ್ಟ. ಬೂಬಮ್ಮ ಮಾಡಿದ್ದು ಮಾಟವೆಂದು ಲೇಯಮ್ಮ ಎಲ್ಲರ ಮುಂದೆ ಹೇಳಬೇಕು, ಇನ್ನವಳನ್ನು ಹೊಸಿಲು ದಾಟಿಸುವುದಿಲ್ಲ ಎನ್ನಬೇಕು. ಆಗಲೇ ದೀಕ್ಷೆ ಎಂದ.

ಸಭೆ ಕೂಡಿತು. ಉಪದೇಶಿ ಕೇಳಿದ. ಲೇಯಮ್ಮ ತಲೆ ತಗ್ಗಿಸಿ ಇನ್ನೇನು ಬಾಯಿ ತೆರೆಯಬೇಕು, ಹೆಂಗಸರ ಸಾಲಿನ ಕೊನೆಯಲ್ಲಿ ಸುಸನ್ನಾ ಎದ್ದು ನಿಂತಳು. ನಾಲ್ಕು ಜನರೆದುರು ಎಂದೂ ದನಿ ಎತ್ತಿದವಳಲ್ಲ.

“ಮಾಟ ಅಲ್ಲ ಅಯ್ನೋರೆ. ನಾನಲ್ಲೇ ದೀಪ ಹಿಡ್ಕಂಡಿದ್ದೆ. ಏನ್ ಓದ್ತಿದ್ದೀಯ ಬೂಬಮ್ಮ ಅಂತ ಕೇಳ್ದೆ. ಬೀಬಿ ಮರಿಯಂ ಕತೆ ಅಂದ್ಲು. ಅಂದ್ರೆ ನಮ್ಮ ಮರಿಯಳೇ. ಆಕೆಗೆ ಖರ್ಜೂರದ ಮರದಡೀಲಿ ನೋವು ಬಂತಂತೆ, ದೇವರು ಹಣ್ಣು ಉದುರಿಸ್ಕೊಟ್ನಂತೆ. ಅವರ ಕುರಾನಿನಲ್ಲೇ ಇದೆಯಂತೆ. ಹುಟ್ಟಿದ್ದು ನಮ್ಮ ಯೇಸುಸ್ವಾಮೀನೇ.”

ಸ್ವಾಮಿದಾಸಯ್ಯ ನಕ್ಕ. “ಬೂಬಮ್ಮನ ಹತ್ರ ಸತ್ಯವೇದ ಕಲ್ತ್ಯೇನಮ್ಮ? ಹಂಗಾದ್ರೆ ಅವರು ಸ್ವಾಮೀನ ದೇವರ ಮಗ ಅಂತಾರಾ?”

“ಅನ್ನಲ್ಲ. ಅದನ್ನೂ ಕೇಳ್ದೆ. ಪ್ರವಾದಿ ಅಂತಾರೆ. ಮಹಮ್ಮದರೂ ಪ್ರವಾದಿನೇ ಅಂತೆ, ಅವರನ್ನ ಪೂಜೆ ಮಾಡಿದ್ರೆ ಪಾಪ ಅಂತೆ. ನಮ್ದು ಬೇರೆ, ಅವರ್ದು ಬೇರೆ, ನಂಗೊತ್ತು. ಆದ್ರೆ ಉಗುಳ್ತಾರೆ ಅಂದ್ರಲ್ಲ, ಆವಮ್ಮ ಸ್ವಾಮಿ ಹೆಸರು ಹೇಳೋವಾಗ ತಲೆ ಮೇಲೆ ಸೆರಗು ಎಳ್ಕಂಡ್ಲು. ನೀವು ಯಾವ ಸಾಬರನ್ನ ಕೇಳಿದ್ರಿ?”

ಆತ ಯಾರನ್ನೂ ಕೇಳಿರಲಿಲ್ಲ. ಕೂತ್ಕೊ ಎಂದು ಗದರಿದ. ಸುಸನ್ನಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಆಗ ಲೇಯಮ್ಮ ತಲೆ ಎತ್ತಿದಳು. ತನ್ನ ಜೀವ ಉಳಿಸಿದವಳ ಮೇಲೆ ಆ ಮಾತು ಆಡಲಾರೆ ಎಂದು, ಕೂಸಿನೊಡನೆ ಬಂದು ತಂಗಿಯ ಪಕ್ಕದಲ್ಲಿ ನಿಂತಳು.

“ಮಗೂಗೆ ದೀಕ್ಷೆ ಕೊಡಿ ಅಯ್ನೋರೆ” ಎಂದಳು ಸುಸನ್ನಾ.

ಲೇಯಮ್ಮ ಕೂಸನ್ನು ಆತನ ಕಡೆಗೆ ಚಾಚಿದಳು.